ನಾಲ್ಕು ಬಟ್ಟಲಿನ ಅಳತೆ

ನಿಮ್ಮ ಮನೆಯ ಊಟದ ಡಬ್ಬಿ ಎಷ್ಟು ಎತ್ತರ ಇದೆ, ಹೇಳಿ ನೋಡೋಣ? ದಿನಾ ತೊಳೆಯುತ್ತೀರಿ, ತುಂಬುತ್ತೀರಿ, ಹೊತ್ತುಕೊಂಡು ಹೋಗುತ್ತೀರಿ. ಆದರೂ ಗೊತ್ತಿಲ್ಲ, ಅಲ್ಲವೇ? ನನಗೆ ಗೊತ್ತು. ನನ್ನ ಡಬ್ಬಿಗೆ ನಾಲ್ಕು ಸ್ಟೀಲ್ ಬಟ್ಟಲು. ಹಿಡಿಯ ಚೌಕಟ್ಟು ಬಿಚ್ಚಿ, ನಾಲ್ಕನ್ನೂ ಒಂದರ ಮೇಲೊಂದು ಕೂಡಿಸಿ, ಮುಚ್ಚಳ ಹಾಕಿ ನೆಲದ ಮೇಲೆ ಇಟ್ಟರೆ ನನ್ನ ಒಂದು ಗೇಣಿನ ಮೇಲೆ ಎರಡು ಬೆರಳು. ಕಾರಿನ ಮೂತಿಯ ಕೆಳಗೆ ಈ ಡಬ್ಬಿ ತಾಗದೆ ಹಾದುಹೋದರೆ ಆ ಕಾರು ನಮ್ಮ ಗಾಡಿಯ ಮೇಲೆ ಸಲೀಸಾಗಿ ಏರುತ್ತದೆ. ತಾಗಿದರೆ ಬೇರೆ ಉಪಾಯ ಹುಡುಕಬೇಕು.

ನಮ್ಮದು ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದಲ್ಲಿ ಕೆಟ್ಟು ನಿಂತ ಕಾರುಗಳನ್ನು ಹೊತ್ತು ತರುವ ಕೆಲಸ. ನಮ್ಮ ಗಾಡಿಯ ಹಿಂಭಾಗ ಪೂರ್ತಿ ಸಪಾಟು ಹಾಸು. ಹಿಡಿಕೆ ಒತ್ತಿದರೆ ಆ ಹಾಸು ಹಿಂದಕ್ಕೆ ಜಾರಿ, ಓರೆಯಾಗಿ, ತುದಿ ನೆಲಕ್ಕೆ ತಾಗುತ್ತದೆ. ಮುಂದುಗಡೆ ಇರುವ ವಿಂಚು ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತ ಕಾರನ್ನು ಮೇಲಕ್ಕೆ ಎಳೆಯುತ್ತದೆ. ಗಾಡಿ ಓಡಿಸುವವಳು ನನ್ನ ಸೊಸೆ. ಮಗನಿಗೆ ಅವನ ಲೇಥ್ ಮಷೀನೇ ಪ್ರಪಂಚ. ದೊಡ್ಡ ಗಾಡಿಯ ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುತ್ತದೆ. ಹೊಸ ಕಾರುಗಳಿಗೆ ಸೊಸೆ ಒಬ್ಬಳೇ ಸಾಕು. ಹಳೆಯ ಕಾರು, ಇಲ್ಲವೇ ಯಾರೋ ಕತ್ತರಿಸಿ, ಬೆಸೆದು ಬೇರೆ ರೂಪ ಕೊಟ್ಟ ಕಾರು ಇದ್ದರೆ ನಾನೂ ಹತ್ತಿ ಕೂರುತ್ತೇನೆ. ಹಳೆಯದನ್ನು ಹಳಬರೇ ಮುಟ್ಟಬೇಕು ಎಂಬುದು ನನ್ನ ವಾದ. ಕ್ಯಾಬಿನ್ನಿನಲ್ಲಿ ಕುಳಿತು ಊರು ನೋಡುವ ಚಪಲ ಎಂಬುದು ಅವಳ ವಾದ. ಎರಡೂ ಖರೆ.

ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುವುದನ್ನು ಈಚೆಗೆ ನನಗೆ ಕಲಿಸಿದವಳೂ ಅವಳೇ. ಕಲಿಸಿದ ತಪ್ಪಿಗೆ ಮೊದಲು ಅವಳ ಬಗ್ಗೆಯೇ ಬರೆಯುತ್ತಿದ್ದೇನೆ.

ಆ ಫೋನು ಬಂದದ್ದು ಒಂದು ಚಳಿಗಾಲದ ಸಂಜೆ, ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಿಂದ. ಮಾತಾಡಿದವರು ಒಬ್ಬ ಮಿಸ್ತ್ರಿ. ಮೊದಲು ನಮ್ಮ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಅಚ್ಚಿಗೆ ಕಟ್ಟಿಗೆಯ ಮಾದರಿ ಕೆತ್ತುತ್ತಿದ್ದರಂತೆ, ಈಗ ಊರಲ್ಲಿ ಗದ್ದೆ ನೋಡಿಕೊಂಡಿದ್ದಾರಂತೆ.

"ಆಪಾ, ನಿಮ್ಮ ಗಾಡಿಗೆ ಕೊಂಡಿ ಐತೇನ್ರಿ?" ಎಂದರು. ಆಪಾ ಎಂದರೆ ಅಕ್ಕ.

"ಐತ್ರಿ. ಆದರ ಹಳೇ ಕಾರಿಗೆ ನಾವು ಕೊಂಡಿ ಹಚ್ಚಿ ಎತ್ತೂದಿಲ್ಲ."

"ಹಂಗಾರ ಬರ್ರಿ. ಕೊಂಡಿ ಹಚ್ಚವರನ್ನ ಇಬ್ಬರನ್ನ ಚಹಾ ಕುಡಿಸಿ ವಾಪಸ್ ಕಳಿಸೇನಿ."

ವಿಷಯ ಇಷ್ಟು. ಅವರ ಹತ್ತಿರ ಒಂದು ಹಳೆಯ ಅಂಬಾಸಿಡರ್ ಇದೆ. ಪ್ರಾಯದಲ್ಲಿ ತಾವೇ ಅದರ ತಲೆ ಕತ್ತರಿಸಿ, ಎರಡೇ ಬಾಗಿಲು ಉಳಿಸಿ, ತೆರೆದ ಕಾರು ಮಾಡಿ, ಹಿಂದೆ ವಧೂವರರಿಗೆ ಎತ್ತರದ ಆಸನ ಕೂರಿಸಿದ್ದರು. ಸುತ್ತಲಿನ ಊರುಗಳ ಮದುವೆಯ ಮೆರವಣಿಗೆ ಎಲ್ಲ ಅದರಲ್ಲೇ. ಹಿಂದೂಗಳ ಮದುಮಗ, ಮುಸಲ್ಮಾನರ ಮದುಮಗ, ಯಾರೇ ಆಗಲಿ ಸ್ಟೇರಿಂಗ್ ಹಿಡಿದವರು ಈ ಮಿಸ್ತ್ರಿಯೇ. ಆಮೇಲೆ ಎಂಜಿನ್ ನಿಂತಿತು, ಕಾರು ಕೊಟ್ಟಿಗೆ ಸೇರಿತು. ಈಗ ಅವರ ಮೊಮ್ಮಗಳ ಮದುವೆ, ನಮ್ಮ ಊರಿನ ಟಿಳಕವಾಡಿಯಲ್ಲಿ. ಆಕೆ ಐದು ವರ್ಷದವಳಿದ್ದಾಗ ಆ ಎತ್ತರದ ಆಸನದ ಮೇಲೆ ಕುಳಿತು, ತನ್ನ ಮದುವೆಗೂ ಇದೇ ಕಾರು ಬೇಕು ಎಂದಿದ್ದಳು. ಅಜ್ಜ ಹೂಂ ಎಂದಿದ್ದರು. ನಿಕಾಹ್ ಇದ್ದದ್ದು ನಾಡಿದ್ದು ಬೆಳಿಗ್ಗೆ. ಎಂಜಿನ್ ನಡೆಯದಿದ್ದರೂ ಚಿಂತೆಯಿಲ್ಲ, ಮದುವೆಯ ಹುಡುಗರೇ ತಳ್ಳುತ್ತಾರೆ. ಕಾರು ಮುರಿಯದೆ ಅಲ್ಲಿಗೆ ಮುಟ್ಟಿದರೆ ಸಾಕು.

ಮುರಿಯದೆ ಎಂಬ ಮಾತಿನಲ್ಲೇ ಎಲ್ಲ ಇತ್ತು. ಅಂಥ ಕಾರಿಗೆ ಅದರ ಮೈಯೇ ಬೆನ್ನೆಲುಬು. ಛಾವಣಿ ಕತ್ತರಿಸಿದರೆ ಅರ್ಧ ಶಕ್ತಿ ಹೋದ ಹಾಗೆ. ಕೊಂಡಿ ಹಾಕಿ ಮೂತಿ ಎತ್ತಿದರೆ ನಡು ಬಾಗುತ್ತದೆ. ಬಾಗಿತೋ ಇಲ್ಲವೋ ಎಂದು ತಿಳಿಯಲು ಬಾಗಿಲು ನೋಡಬೇಕು. ನಡು ಬಾಗಿದ ಕಾರಿನ ಬಾಗಿಲು ತೆರೆಯುವುದಿಲ್ಲ, ತೆರೆದರೆ ಮುಚ್ಚುವುದಿಲ್ಲ.

ಮರುದಿನ ಮುಂಜಾನೆ ಹೊರಟೆವು. ಹೊರಡುವಾಗಲೇ ಸೊಸೆಗೂ ನನಗೂ ಸಣ್ಣ ಜಗಳ. ಅವಳು ಹೊಸ ಸ್ಟೀಲ್ ಟೇಪು ಕೊಂಡು ತಂದಿದ್ದಳು.

"ಅತ್ಯಾರ, ಇವತ್ತರ ಟೇಪಿನಿಂದ ಅಳಿಯೂಣ್ರಿ. ಡಬ್ಬಿ ಹಿಡಕೊಂಡ ಕಾರಿನ ಬುಡಕ ಹೊಕ್ಕರ ಮಂದಿ ನಗ್ತಾರ."

"ನಗಲೇಳ. ನಿನ್ನ ಟೇಪಿನ್ಯಾಗ ಪಲ್ಯಾ ಹಿಡಸ್ತದೇನ?"

ಅವಳು ಸಿಟ್ಟಿನಿಂದ ಟೇಪನ್ನು ಡ್ಯಾಶ್‌ಬೋರ್ಡಿನ ಒಳಗೆ ಹಾಕಿ ಮುಚ್ಚಿದಳು. ಪ್ರತಿ ಸಲ ನಾನು ಡಬ್ಬಿ ಇಟ್ಟಾಗ "ನಾಕೂ ಅದಾವಲ್ಲರೀ" ಎಂದು ಕೇಳುವುದು ಅವಳ ರೂಢಿ. ಅಂದು ಸಿಟ್ಟಿನಲ್ಲಿ ಕೇಳಲಿಲ್ಲ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಡಬ್ಬಿಯಲ್ಲಿ ಅಂದು ಮೂರು ಬಟ್ಟಲು ನಮ್ಮ ಊಟ, ನಾಲ್ಕನೆಯದರಲ್ಲಿ ಹಾಲಿನ ಸಿಹಿ, ಕುಂದಾ. ಮದುವೆ ಮನೆಯವರು ಕರೆದಿದ್ದಾರೆ, ಬರಿಗೈಯಲ್ಲಿ ಹೋಗುವುದು ಹೇಗೆ? ಪಾರಿಶ್ವಾಡ ಮುಟ್ಟಿದ ಕೂಡಲೇ ಆ ಬಟ್ಟಲನ್ನು ಮಿಸ್ತ್ರಿಯ ಹೆಂಡತಿಯ ಕೈಗೆ ಕೊಟ್ಟೆ. ಆಕೆ ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ಒಳಗೆ ಹೋದರು.

ಕೊಟ್ಟಿಗೆಯಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದೆ. ಧೂಳಿನ ಕೆಳಗೆ ಬಿಳಿ ಬಣ್ಣ. ಮೂತಿಯ ಕೆಳಗೆ ಅಲ್ಯೂಮಿನಿಯಂ ಎರಕದ ಪಟ್ಟಿ, ಅದರ ತುಂಬ ನವಿಲುಗರಿ. ಒಂದೊಂದು ಗರಿಯ ಎಳೆಯೂ ಬೆರಳಿಗೆ ಸಿಗುತ್ತಿತ್ತು. ಮಾದರಿ ಕೆತ್ತಿದ್ದು, ಎರಕ ಹೊಯ್ದದ್ದು ಎಲ್ಲ ತಾನೇ ಎಂದರು ಮಿಸ್ತ್ರಿ. ಹಿಂದುಗಡೆಯೂ ಅಂಥದೇ ಪಟ್ಟಿ, ನೆಲದ ಕಡೆ ಇಳಿಬಿದ್ದಿತ್ತು.

ಕೆಲಸ ಶುರುವಾಯಿತು. ಮೊದಲು ಟೈರುಗಳಿಗೆ ಗಾಳಿ. ನಮ್ಮ ಗಾಡಿಯ ಕಂಪ್ರೆಸರಿನಿಂದ ಹಾಕಿದೆವು, ನಾಲ್ಕೂ ಹಿಡಿದವು. ಆಮೇಲೆ ಒಂದೊಂದೇ ಗಾಲಿಯನ್ನು ಜಾಕಿನಿಂದ ಎರಡು ಬೆರಳು ಎತ್ತಿ ತಿರುಗಿಸಿ ನೋಡಿದೆವು. ಹಿಂದಿನ ಎಡಗಡೆಯದು ತಿರುಗಲಿಲ್ಲ, ಬ್ರೇಕು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೊಸೆ ಕಟ್ಟಿಗೆಯ ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ತಟ್ಟುತ್ತ ಹೋದಳು. ಮೆಲ್ಲಗೆ, ಬಳೆ ತೊಡಿಸುವವರ ಹಾಗೆ. ಕಾಲು ಗಂಟೆಯ ಮೇಲೆ ಗಾಲಿ ನರಳಿ ತಿರುಗಿತು.

ಕಾರಿನ ಅಡಿಗೆ ಚಾಪೆ ಹಾಸಿ ನಾನು ಮಲಗಿದೆ. ಛಾವಣಿ ಕತ್ತರಿಸಿದ ಕೊರತೆಗೆ ಮಿಸ್ತ್ರಿ ಅಡಿಯಲ್ಲಿ ಉದ್ದಕ್ಕೆ ಎರಡು ಕಬ್ಬಿಣದ ಪಟ್ಟಿ, ಅಂದರೆ ಚಾನೆಲ್, ಬೆಸೆದಿದ್ದರು. ಅಂಗೈಯಿಂದ ಸವರಿಕೊಂಡು ಹೋದೆ. ಬಲಗಡೆಯ ಚಾನೆಲ್ಲಿನ ನಡುವೆ ತುಕ್ಕು ತಿಂದ ಒಂದು ಹಪ್ಪಳದಂಥ ತುಂಡು ಕೈಗೇ ಬಂತು. ಹೊರಗೆ ಬಂದು ಮಿಸ್ತ್ರಿಗೆ ತೋರಿಸಿದೆ. ಅವರ ಮುಖ ಸಣ್ಣದಾಯಿತು.

"ತಡಿತೈತೇನ್ರಿ ಆಪಾ?"

"ನೆಟ್ಟಗ ಎಳದರ ತಡಿತೈತಿ. ತಿರುವಿದರ ತಡ್ಯಾಂಗಿಲ್ಲ."

ಅವರು ಒಂದು ಸಾಗವಾನಿ ತೊಲೆ ತಂದು, ಗೆರೆ ಹಾಕಿ, ಕೊಯ್ದು, ಮುಂದಿನ ಡ್ಯಾಶ್‌ಬೋರ್ಡಿಗೂ ಹಿಂದಿನ ಆಸನದ ಕಟ್ಟಿಗೂ ನಡುವೆ ಊರುಗೋಲಿನ ಹಾಗೆ ಕೂರಿಸಿದರು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. ಎರಡೂ ಬಾಗಿಲು ಮುಚ್ಚಿ, ಮೇಲಿಂದ ಅಗಲ ಬೆಲ್ಟು ಬಿಗಿದೆವು. ವಿಂಚಿನ ಹಗ್ಗವನ್ನು ಬಂಪರಿಗೆ ಹಾಕದೆ, ಮೆತ್ತನೆಯ ಬೆಲ್ಟಿನ ಮೂಲಕ ಮುಂದಿನ ಎರಡೂ ಗಾಲಿಯ ತೋಳುಗಳಿಗೆ ಹಾಕಿದೆವು, ಎಳೆತ ಎರಡೂ ಕಡೆ ಸಮನಾಗಿ ಬರಲೆಂದು. ಹಾಗೆಯೇ ಎಳೆದು ಕಾರನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತಂದೆವು. ಗಾಡಿಯ ಹಾಸು ಓರೆಯಾಗಿ ಇಳಿದು ತುದಿ ನೆಲ ಮುಟ್ಟಿತು.

ಇನ್ನು ಅಳತೆ. ಕ್ಯಾಬಿನ್ನಿನಿಂದ ಡಬ್ಬಿ ತಂದೆ, ಚೌಕಟ್ಟು ಬಿಚ್ಚಿದೆ. ಮಿಸ್ತ್ರಿ ನೋಡಿದರು.

"ಊಟಕ್ಕ ಇನ್ನೂ ಹೊತ್ತೈತಲ್ರಿ?"

"ಊಟಲ್ರಿ ಮಿಸ್ತ್ರಿ, ಇದು ನನ್ನ ಇಂಜಿನಿಯರಿಂಗ," ಎಂದು ಜಂಬದಿಂದ ನನ್ನ ಹಳೆಯ ಸಾಹಸಗಳನ್ನೆಲ್ಲ ಹೇಳುತ್ತಲೇ ಬಟ್ಟಲುಗಳನ್ನು ಕೂಡಿಸಿ ನವಿಲುಗರಿಯ ಪಟ್ಟಿಯ ಕೆಳಗೆ ಸರಿಸಿದೆ. ಡಬ್ಬಿ ತಾಗದೆ ಹಾದುಹೋಯಿತು. "ಎಳಿ," ಎಂದೆ ಸೊಸೆಗೆ.

ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಮಿಸ್ತ್ರಿ ಟೊಪ್ಪಿಗೆ ಸರಿಮಾಡಿಕೊಂಡು ಕುಳಿತರು. ವಿಂಚು ಗುಂಯ್ ಎಂದಿತು. ಕಾರು ಒಂದು ಮಾರು ಮುಂದೆ ಬಂತು. ಆಮೇಲೆ ಕರ್ ಎಂದು ಒಂದು ಸದ್ದು. ಗಾಲಿ ಹಾಸನ್ನು ಮುಟ್ಟುವ ಮೊದಲೇ ನವಿಲುಗರಿ ತಾಗಿತ್ತು. ಸೊಸೆ ಕಣ್ಣು ಮಿಟುಕಿಸುವಷ್ಟರಲ್ಲಿ ವಿಂಚು ನಿಲ್ಲಿಸಿದಳು. ಅಷ್ಟರಲ್ಲೇ ಬಲಬಾಗಿಲಿನ ಸಂದು ಒಂದು ಬೆರಳು ತೆರೆದುಕೊಂಡಿತ್ತು. ಹಗ್ಗ ಸಡಿಲ ಬಿಟ್ಟಾಗ ಸಂದು ತಿರುಗಿ ಕೂಡಿತು.

ಮಿಸ್ತ್ರಿ ಸ್ಟೇರಿಂಗ್ ಬಿಡಲಿಲ್ಲ, ತಿರುಗಿ ನೋಡಲೂ ಇಲ್ಲ. ಮೆಲ್ಲಗೆ ಕೇಳಿದರು: "ಮುರೀತೇನ್ರಿ?"

"ಇಲ್ರಿ," ಎಂದೆ. ಆಮೇಲೆ ಬಗ್ಗಿ ನೋಡಿದೆ. ಗರಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗೀರು ಬಿದ್ದಿತ್ತು.

ಎರಡನೆಯ ಯತ್ನಕ್ಕೆ ಹಲಗೆ ತಂದೆವು. ಮುಂದಿನ ಗಾಲಿಗಳ ಕೆಳಗೆ ಉದ್ದ ಹಲಗೆ ಕೊಟ್ಟರೆ ಮೂತಿ ಮೊದಲೇ ಏಳುತ್ತದೆ, ಗರಿ ತಾಗುವುದಿಲ್ಲ. ಮೂತಿ ಎದ್ದಿತು, ನಿಜ. ಆದರೆ ಮೂತಿ ಎದ್ದಷ್ಟೂ ಬಾಲ ಇಳಿಯಿತು. ಹಿಂದಿನ ಪಟ್ಟಿ ಅಂಗಳದ ಮಣ್ಣಿಗೆ ಕೂತಿತು. ಮತ್ತೆ ನಿಲ್ಲಿಸಿ, ಮತ್ತೆ ಹಿಂದಕ್ಕೆ ಬಿಟ್ಟೆವು. ಬಿಸಿಲು ಏರುತ್ತಿತ್ತು.

ನನಗೆ ಬಗೆಹರಿಯಲಿಲ್ಲ. ಡಬ್ಬಿ ಎಂದೂ ಸುಳ್ಳು ಹೇಳಿದ್ದಿಲ್ಲ. ಇನ್ನೊಮ್ಮೆ ಅಳೆಯೋಣ ಎಂದು ಬಗ್ಗಿದೆ. ಆಗ ಮನೆಯ ಕಿಟಕಿಯೊಳಗೆ ಕಣ್ಣು ಹೋಯಿತು. ಮಿಸ್ತ್ರಿಯ ಹೆಂಡತಿ ನನ್ನ ನಾಲ್ಕನೆಯ ಬಟ್ಟಲನ್ನು ತೊಳೆದು, ಒರೆಸಿ, ಒಲೆಯ ಪಕ್ಕದಲ್ಲಿ ಬೋರಲು ಇಟ್ಟಿದ್ದರು.

ಕೊಟ್ಟವರ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ಎಲ್ಲ ಮನೆಗಳ ರೀತಿ. ಏನಾದರೂ ಮಾಡಿ ತುಂಬಿಯೇ ಕೊಡಬೇಕು. ಆಕೆ ಒಲೆಯ ಮೇಲೆ ಹಾಲು ಕುದಿಸುತ್ತಿದ್ದರು. ಮಾಡಿ ಮುಗಿಯುವ ತನಕ ಬಟ್ಟಲು ಅಲ್ಲೇ. ನಾನು ಮೂರೇ ಬಟ್ಟಲು ಕೂಡಿಸಿ, ಬಾಯಿ ತುಂಬ ಮಾತಾಡುತ್ತ, ಅಳತೆ ಸರಿಯಾಗಿದೆ ಎಂದಿದ್ದೆ.

ಮುಚ್ಚಿಡಬಹುದಿತ್ತು. ಮುಚ್ಚಿಡುವುದು ನನಗೆ ಬರುತ್ತದೆ ಕೂಡ. ಆದರೆ ಮಿಸ್ತ್ರಿ ಕಾರಿನಿಂದ ಇಳಿದು ಆ ಗೀರನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಸೊಸೆಯನ್ನು ಕರೆದೆ.

"ಡಬ್ಬಿ ಮೂರ ಇತ್ತ. ನಾಕನೇದು ಒಳಗೈತಿ. ತಪ್ಪ ನಂದ. ಟೇಪ ತಗೊಂಬಾ."

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಟೇಪು ತಂದು ಮೂತಿ ಅಳೆದಳು, ಬಾಲ ಅಳೆದಳು, ಹಾಸಿನ ಓರೆ ಅಳೆದಳು. "ಎಷ್ಟ ಹಲಗಿ ಹಚ್ಚಿದರೂ ಆಗೂದಿಲ್ರಿ ಅತ್ಯಾರ. ಮುಂದ ಎತ್ತಿದರ ಹಿಂದ ತಾಕತೈತಿ. ಓರೀನ ಇರಬಾರದು, ಸಪಾಟ ಇರಬೇಕ."

ನಾನು ಅಂಗಳದ ಅಂಚಿಗೆ ಹೋಗಿ ಕುಳಿತೆ. ಕಾಲು ಇಳಿಬಿಟ್ಟೆ. ಕಾಲು ಇಳಿಬಿಡಲು ಬಂತು ಎಂಬುದು ಸ್ವಲ್ಪ ತಡವಾಗಿ ತಲೆಗೆ ಹೋಯಿತು. ಅಂಗಳದ ಕೆಳಗೆ ಅವರದೇ ಭತ್ತದ ಗದ್ದೆ. ಕೊಯ್ಲು ಮುಗಿದು ಒಣಗಿತ್ತು. ಅಂಗಳಕ್ಕಿಂತ ಗದ್ದೆ ನನ್ನ ಸೊಂಟದಷ್ಟು ಕೆಳಗೆ. ನಮ್ಮ ಗಾಡಿಯ ಹಾಸೂ ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರ.

"ಏ, ಇಲ್ಲಿ ಬಾ," ಎಂದೆ. "ಕಾರನ್ನ ಗಾಡಿ ಮ್ಯಾಲ ಏರಸೂದು ಬ್ಯಾಡ. ಗಾಡೀನ ಕಾರಿನ ಕೆಳಗ ಇಳಸೂಣು."

ಸೊಸೆ ಗದ್ದೆ ನೋಡಿದಳು, ನನ್ನನ್ನು ನೋಡಿದಳು, ಟೇಪು ಇಳಿಬಿಟ್ಟಳು. ನಾಲ್ಕು ಬೆರಳಿನ ವ್ಯತ್ಯಾಸ ಅಷ್ಟೇ. ಹಾಸನ್ನು ಓರೆ ಮಾಡದೆ ಹಿಂದಕ್ಕೆ ಜಾರಿಸಿದರೆ ತುದಿ ಅಂಗಳದ ಅಂಚಿಗೆ ಬಂದು ಸೇತುವೆಯಾಗುತ್ತದೆ. ಉಳಿದ ನಾಲ್ಕು ಬೆರಳಿಗೆ ಹಲಗೆ ಸಾಕು.

ಒಂದೇ ತೊಡಕು. ಗಾಡಿ ನಿಲ್ಲಬೇಕಾದ ಜಾಗದಲ್ಲೇ ಮಿಸ್ತ್ರಿಯ ಹೆಂಡತಿ ಮೆಂತ್ಯದ ಮಡಿ ಮಾಡಿದ್ದರು. ಎಳೆ ಮೆಂತ್ಯ, ಹಸಿರು ಕಂಬಳಿ ಹಾಸಿದಂತೆ. ಮಿಸ್ತ್ರಿ ಕೂಡಲೇ, "ಹೋಗಲಿ ಬಿಡ್ರಿ, ಹಾಯಸ್ರಿ," ಎಂದರು. ಆಕೆ ಸೌಟು ಹಿಡಿದೇ ಹೊರಗೆ ಬಂದರು.

"ಹೋಗಲಿ ಅನ್ನಾಕ ಬಿತ್ತಿದವರ ನೀವೇನ್ರಿ? ಮೊದಲ ಕೀಳ್ರಿ, ಆಮ್ಯಾಲ ಗಾಡಿ. ಮದವಿ ಪಲ್ಯಾಕ್ಕ ಆಗತೈತಿ."

ಹೀಗೆ ಕಾರು ಎತ್ತಲು ಬಂದ ನಾವಿಬ್ಬರೂ, ಕಾರಿನ ಯಜಮಾನರೂ, ಅವರ ಹೆಂಡತಿಯೂ ಸಾಲಾಗಿ ಕುಳಿತು ಮೆಂತ್ಯ ಕಿತ್ತೆವು. ನಾನು ಕೀಳುವ ವೇಗ ನೋಡಿ ಆಕೆ, "ಆಪಾ, ನೀವು ಈ ಕೆಲಸಕ್ಕ ಬಂದಿದ್ದರ ಛಲೋ ಇತ್ತರಿ," ಎಂದರು. ನಮ್ಮ ಬೆಳಗಿನ ಕೆಲಸದ ಮೇಲೆ ಅದು ತೀರ್ಪು ಎಂದು ನನಗೂ ಗೊತ್ತಾಯಿತು.

ಮಡಿಯ ಮಣ್ಣು ಮೆತ್ತಗಿತ್ತು. ಹಿಮ್ಮಡಿ ಊರಿ ನೋಡಿದೆ, ಇಳಿಯಿತು. ಬಣವೆಯಿಂದ ಹುಲ್ಲು ತಂದು ದಪ್ಪಗೆ ಹಾಸಿ, ಮೇಲೆ ಹಲಗೆ ಇಟ್ಟೆವು. ಸೊಸೆ ಸುತ್ತು ಹಾಕಿ ಗದ್ದೆಗೆ ಇಳಿದು, ಹಿಂದಕ್ಕೆ ಬರತೊಡಗಿದಳು. ನಾನು ಬದುವಿನ ಮೇಲೆ ನಿಂತು ಕೈ ಮಾಡುತ್ತಿದ್ದೆ. ಹಲಗೆ ಕಿರುಗುಟ್ಟಿತು, ಹುಲ್ಲು ಕೂತಿತು, ಗಾಡಿ ನಿಂತಿತು. ಹಾಸು ಜಾರಿ ಬಂದು ಅಂಗಳದ ಅಂಚು ಮುಟ್ಟಿತು. ನಡುವೆ ಹಲಗೆ ಸೇರಿಸಿದೆವು. ಸೊಸೆ ಟೇಪಿನಿಂದ ಮೂರು ಸಲ ಅಳೆದಳು. ನಾನು ಡಬ್ಬಿಯ ಹೆಸರೂ ಎತ್ತಲಿಲ್ಲ.

ವಿಂಚು ಮತ್ತೆ ಗುಂಯ್ ಎಂದಿತು. ಈ ಸಲ ನಾನು ಕಾರನ್ನು ನೋಡಲಿಲ್ಲ, ಬಲಬಾಗಿಲಿನ ಸಂದನ್ನಷ್ಟೇ ನೋಡುತ್ತ ಪಕ್ಕದಲ್ಲೇ ನಡೆದೆ. ಸಂದು ಅಲುಗಲಿಲ್ಲ. ಮಿಸ್ತ್ರಿ ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಬಾಗಿಲ ಮೇಲೆ ಇಟ್ಟು, ಮುಂದೆ ಮೆರವಣಿಗೆಯೇ ಹೋಗುತ್ತಿರುವಂತೆ ನೆಟ್ಟಗೆ ಕುಳಿತಿದ್ದರು. ನಾಲ್ಕೂ ಗಾಲಿ ಹಾಸಿನ ಮೇಲೆ ಬಂದವು. ಒಂದೊಂದಕ್ಕೂ ಬೆಲ್ಟು ಹಾಕಿ ಬಿಗಿದೆವು, ಮುಂದೆ ಹಿಂದೆ ಕಟ್ಟಿಗೆಯ ಅಡೆ ಕೊಟ್ಟೆವು.

"ಇಳೀರಿ ಮಿಸ್ತ್ರಿ. ಮ್ಯಾಲ ಕುಂತ ಬರಾಕ ಕಾಯ್ದೆ ಇಲ್ಲ."

"ನಾ ಇಲ್ಲದ ಈ ಗಾಡಿ ಎಲ್ಲೂ ಹೋಗಿಲ್ರಿ ಆಪಾ."

"ಹಂಗಾರ ಕ್ಯಾಬಿನ್ನಿನ್ಯಾಗ ಕುಂದರ್ರಿ, ಹಿಂದಿನ ಕಿಡಕ್ಯಾಗಿಂದ ನೋಡಕೋತ ಬರ್ರಿ."

ಬಂದರು. ದಾರಿಯುದ್ದಕ್ಕೂ ತಲೆ ಹಿಂದಕ್ಕೇ ತಿರುಗಿತ್ತು. ಪ್ರತಿ ಉಬ್ಬಿನಲ್ಲೂ ಸೊಸೆ ಗಾಡಿಯನ್ನು ತೊಟ್ಟಿಲಿನಂತೆ ದಾಟಿಸುತ್ತಿದ್ದಳು. ಖಾನಾಪುರದಲ್ಲಿ ಬೆಲ್ಟು ಇನ್ನೊಮ್ಮೆ ನೋಡಲು ನಿಲ್ಲಿಸಿದಾಗ ಮಂದಿ ಸೇರಿದರು. ಒಬ್ಬ ಹಣ್ಣಿನ ಅಂಗಡಿಯವ ಮರಾಠಿಯಲ್ಲಿ, "ಆಜಿ, ಕುಣಾಚಂ ಲಗ್ನ?" ಎಂದ. ಯಾರ ಮದುವೆ ಎಂದು. "ಮಾಝಂಚ," ನನ್ನದೇ, ಎಂದೆ. ಅವ ಎರಡು ಚಿಕ್ಕು ಆಹೇರಿ, ಅಂದರೆ ಮದುವೆಯ ಉಡುಗೊರೆ, ಎಂದು ಕೊಟ್ಟ. ಒಂದನ್ನು ಅಲ್ಲೇ ತಿಂದೆ.

ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟು ಹಾಕಿತ್ತು. ರೈಲು ಹೋಗುವ ತನಕ ಮಿಸ್ತ್ರಿ ಹಲ್ಲು ಕಚ್ಚಿ ಕುಳಿತರು. ಗೇಟು ತೆರೆದ ಮೇಲೆ ಎರಡು ತಿರುವು, ಮದುವೆ ಮನೆ. ಇಳಿಸುವಾಗಲೂ ಹಾಸು ಓರೆ ಮಾಡುವಂತಿಲ್ಲ. ಪಕ್ಕದಲ್ಲಿ ಹಳೆಯ ಗೋದಾಮಿನ ಎತ್ತರದ ಕಟ್ಟೆ ಇದೆ ಎಂದು ಸೊಸೆ ದಾರಿಯಲ್ಲೇ ಫೋನು ಮಾಡಿ ತಿಳಿದುಕೊಂಡಿದ್ದಳು. ಅದರ ಇನ್ನೊಂದು ತುದಿ ಉದ್ದಕ್ಕೆ ಇಳಿದು ಬೀದಿ ಸೇರುತ್ತಿತ್ತು. ಹಾಸನ್ನು ಕಟ್ಟೆಗೆ ಜೋಡಿಸಿ ಕಾರನ್ನು ಮೆಲ್ಲಗೆ ಬಿಟ್ಟೆವು. ಬೆಲ್ಟು ಬಿಚ್ಚಿ, ಸಾಗವಾನಿ ಊರುಗೋಲು ತೆಗೆದೆವು.

ಮದುಮಗಳು ಕೈತುಂಬ ಮೆಹೆಂದಿ ಹಚ್ಚಿಕೊಂಡು ಓಡಿ ಬಂದಳು. ಬಾಗಿಲಿನ ಹಿಡಿಕೆಗೆ ಕೈ ಹಾಕಲು ಬಾರದು, ಮೆಹೆಂದಿ ಹಸಿ. "ದಾದಾ, ನೀವ ತೆಗೀರಿ," ಎಂದಳು ಅಜ್ಜನಿಗೆ.

ಮಿಸ್ತ್ರಿ ತೆಗೆಯಲಿಲ್ಲ. ನನ್ನ ಕಡೆ ನೋಡಿದರು. ಬಲಬಾಗಿಲು ಅದು. ನಾನು ಸೊಸೆಯ ಕಡೆ ನೋಡಿದೆ. ಅವಳು ಹೋಗಿ, ಕೈ ಒರೆಸಿಕೊಂಡು, ಹಿಡಿಕೆ ಒತ್ತಿದಳು. ಟಕ್ ಎಂದು ತೆರೆಯಿತು. ನೂಕಿದಳು. ಟಕ್ ಎಂದು ಮುಚ್ಚಿಕೊಂಡಿತು. ಮಿಸ್ತ್ರಿ ಕನ್ನಡಕ ತೆಗೆದು, ಗಾಜು ಒರೆಸುವುದನ್ನು ಬಿಟ್ಟು ಕಣ್ಣು ಒರೆಸಿಕೊಂಡರು. ಸೊಸೆ ಮತ್ತೆ ತೆರೆದ ಬಾಗಿಲಿನಿಂದ ಮದುಮಗಳು ಎರಡೂ ಕೈ ಮೇಲೆತ್ತಿ ಹಿಡಿದು, ಹಿಂದಿನ ಎತ್ತರದ ಆಸನಕ್ಕೆ ಹತ್ತಿ ಕುಳಿತೇಬಿಟ್ಟಳು, ಧೂಳು ಗೀಳು ನೋಡದೆ.

ಮರುದಿನ ಇಪ್ಪತ್ತು ಹುಡುಗರು ತಳ್ಳಿದ ಆ ಕಾರಿನ ಮೆರವಣಿಗೆಯಲ್ಲಿ ನಾವಿಬ್ಬರೂ ಇದ್ದೆವು. ಸ್ಟೇರಿಂಗ್ ಯಾರ ಕೈಯಲ್ಲಿತ್ತು ಎಂದು ಬೇರೆ ಹೇಳಬೇಕಿಲ್ಲ. ಊಟಕ್ಕೆ ಮೆಂತ್ಯದ ಪಲ್ಯ ಇತ್ತು. ನನ್ನ ನಾಲ್ಕನೆಯ ಬಟ್ಟಲು ಖೀರು ತುಂಬಿಕೊಂಡು ಮನೆಗೆ ಬಂತು.

ವಾರದ ಮೇಲೆ ಮಿಸ್ತ್ರಿಯ ಫೋನು. ಕಾರನ್ನು ಪಾರಿಶ್ವಾಡಕ್ಕೆ ಒಯ್ಯಬೇಕಂತೆ. ನನಗೆ ಕೆಣಕದೆ ಇರಲಾಗಲಿಲ್ಲ.

"ಗೀರ ಹಾಕಿದವರನ್ನ ಮತ್ತ ಯಾಕ ಕರೀತೀರಿ ಮಿಸ್ತ್ರಿ? ಬ್ಯಾರೆ ಗಾಡಿ ನೋಡ್ರಲಾ."

ಅವರು ಒಂದು ಕ್ಷಣವೂ ತಡೆಯಲಿಲ್ಲ.

"ನೀವ ಬರ್ರಿ ಆಪಾ. ಆದರ ಅಳತಿ ಮುಗಿಯೂತನಕ ಡಬ್ಬಿ ಬಾಯೀನೂ ತೆಗೀಬ್ಯಾಡ್ರಿ, ನಿಮ್ಮ ಬಾಯೀನೂ ತೆಗೀಬ್ಯಾಡ್ರಿ."